ಊರು ಬಿಟ್ಟವರು ಬಡಿಸಿದ ಊಟ

ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಪುತ್ತೂರು ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಕುರ್ಚಿ ಸಿಗುವುದು ಕಷ್ಟ. ಸುಳ್ಯ ಪೇಟೆಯಲ್ಲೂ ಹಾಗೆಯೇ, ಕಡಬದಲ್ಲೂ ಹಾಗೆಯೇ. ತಾಲೂಕು ಕಚೇರಿಗೆ ಪಹಣಿ ಸರಿಮಾಡಿಸಲು ಬಂದವರು, ಅಡಿಕೆ ಮಾರಿ ಪೇಟೆ ಕೆಲಸ ಮುಗಿಸಿದವರು, ನೆಂಟರನ್ನು ಆಸ್ಪತ್ರೆಗೆ ಸೇರಿಸಿ ಬೆಳಗಿನಿಂದ ಏನೂ ತಿನ್ನದವರು, ಮಾಣಿ–ಮೈಸೂರು ಹೆದ್ದಾರಿಯಲ್ಲಿ ಘಟ್ಟ ಹತ್ತಲಿರುವ ಲಾರಿಯವರು, ಎಲ್ಲರಿಗೂ ಹಸಿವಾಗುವುದು ಒಂದೇ ಹೊತ್ತಿಗೆ. ನಾಲ್ಕು ಜನರ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇದ್ದರೆ ಕೇಳದೆಯೇ ಕುಳಿತುಕೊಳ್ಳಬಹುದು, ಎದುರಿಗಿದ್ದವರು ತಮ್ಮ ನೀರಿನ ಲೋಟವನ್ನು ತುಸು ಆಚೆ ಸರಿಸಿ ಜಾಗ ಮಾಡಿಕೊಡುತ್ತಾರೆ. ಬಡಿಸುವವನು ಬಂದು ಕೇಳುವ ಮೊದಲ ಮಾತು, "ಕುಚ್ಚಿಲೋ, ಬೆಳ್ತಿಗೆಯೋ?" ನಿಮ್ಮ ಹೆಸರೇನು, ಯಾವ ಕಡೆಯವರು, ಯಾರ ಪೈಕಿ ಎಂದು ಮದುವೆ ಮನೆಯಲ್ಲಿ ಕೇಳುವ ಪ್ರಶ್ನೆಗಳು ಇಲ್ಲಿಲ್ಲ. ಅನ್ನ ಯಾವುದು ಬೇಕೆಂದು ಹೇಳಿದರೆ ಸಾಕು.

ಇಂಥ ಹೋಟೆಲುಗಳ ಗೋಡೆಯ ಮೇಲೆ ಬರೆದಿರುವ ತಿಂಡಿಗಳ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ನಮ್ಮ ಮೂರು ತಾಲೂಕುಗಳಿಗೆ ಯಾರೆಲ್ಲ ಬಂದರು ಎಂಬುದು ತಿಳಿಯುತ್ತದೆ. ನೀರುದೋಸೆ, ಸಜ್ಜಿಗೆ–ಬಜಿಲು, ಬನ್ಸು, ಗೋಳಿಬಜೆ ನಮ್ಮ ಕರಾವಳಿಯವೇ. ಕಡಬ, ನೆಲ್ಯಾಡಿ ಕಡೆಗೆ ಹೋದರೆ ಪುಟ್ಟು–ಕಡಲೆ, ಬೇಯಿಸಿದ ಮರಗೆಣಸು ಸಿಗುತ್ತದೆ. ಕೇರಳದಿಂದ ಬಂದು ಕಾಡು ಗುಡ್ಡಗಳನ್ನು ಕಡಿದು ರಬ್ಬರು ಹಾಕಿ ಇಲ್ಲೇ ನೆಲೆಸಿದ ಕುಟುಂಬಗಳ ಊಟ ಅದು. ಸುಳ್ಯದ ಸುತ್ತಿನ ಸರಕಾರಿ ರಬ್ಬರು ತೋಟಗಳಲ್ಲಿ ಹಾಲು ತೆಗೆಯುವ ತಮಿಳರಲ್ಲಿ ಹೆಚ್ಚಿನವರ ಹಿರಿಯರು ಶ್ರೀಲಂಕಾದ ಚಹಾ ತೋಟಗಳಿಂದ ಬಂದವರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಂತೆ, ಕಣ್ಣಾರೆ ಕಂಡಿರದ ದೇಶವನ್ನು ತಮ್ಮದೆಂದು ನಂಬಿ ಹಡಗು ಹತ್ತಿದ ಸಂಸಾರಗಳು. ಸಂತೆಯ ದಿನ, ಸಂಬಳದ ದಿನ, ಮಕ್ಕಳ ಪರೀಕ್ಷೆ ಮುಗಿದ ದಿನ ಅವರೂ ಇದೇ ಹೋಟೆಲುಗಳ ಮೇಜುಗಳಲ್ಲಿ ನಮ್ಮ ಎದುರಿಗೆ ಕುಳಿತು ಚಾ ಕುಡಿದು ಹೋಗುತ್ತಾರೆ.

ಭೂಮಿಯ ಆ ಮಗ್ಗುಲಲ್ಲೂ ಇಂಥ ಹೋಟೆಲುಗಳಿವೆ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಬಂದ ಹಿರಿಯರು ಈಗ ನಮ್ಮ ಪ್ರತಿ ಗ್ರಾಮದಲ್ಲೂ ಸಿಗುತ್ತಾರೆ. ಅವರು ಕಂಡಿರಬಹುದಾದ ಹ್ಯೂಸ್ಟನ್, ನ್ಯೂ ಓರ್ಲಿಯನ್ಸ್‌ನಂಥ ಅಲ್ಲಿನ ಊರುಗಳಲ್ಲಿ ಹೊಂಡುರಾಸ್ ಎಂಬ ಪುಟ್ಟ ದೇಶದಿಂದ ಬಂದವರು ನಡೆಸುವ ಸಣ್ಣ ಸಣ್ಣ ಹೋಟೆಲುಗಳಿವೆ. ಥಳಕು ಬೆಳಕೇನೂ ಇಲ್ಲ. ಮನೆಯವರೇ ಅಡುಗೆ ಮಾಡಿ, ಮನೆಯವರೇ ಬಡಿಸಿ, ಮನೆಯವರೇ ಲೆಕ್ಕ ಬರೆಯುವ ಜಾಗಗಳು. ಅಲ್ಲಿ ಎಲ್ಲರೂ ಕೇಳುವ ತಿಂಡಿ ಬಾಲೆಯಾದಾ. ಮೈದಾ ಹಿಟ್ಟಿನ ದಪ್ಪ ರೊಟ್ಟಿಯನ್ನು ಕಾವಲಿಯ ಮೇಲೆ ಬೇಯಿಸಿ, ಒಳಗೆ ಅರೆದು ಹುರಿದ ಕೆಂಪು ಬೀನ್ಸು ಸವರಿ, ಮೇಲೆ ಹುಳಿ ಕೆನೆ, ಪುಡಿ ಮಾಡಿದ ಉಪ್ಪು ಚೀಸು ಉದುರಿಸಿ ಮಡಚಿ ಕೊಡುತ್ತಾರೆ. ಬೇಕೆಂದವರಿಗೆ ಮೊಟ್ಟೆ, ಬೆಣ್ಣೆಹಣ್ಣು, ಮಾಂಸ. ಬಾಳೆಕಾಯಿಯನ್ನು ಉದ್ದುದ್ದ ಸೀಳಿ ಎಣ್ಣೆಯಲ್ಲಿ ಕರಿದು, ಮೇಲೆ ಸಣ್ಣಗೆ ಹೆಚ್ಚಿದ ಕ್ಯಾಬೇಜು ಹಾಕಿ ಕೊಡುವುದೂ ಉಂಟು. ಆ ದೇಶದ ಕಡಲ ಕರೆಯಲ್ಲಿ ಗರೀಫುನಾ ಎಂಬ ಸಮುದಾಯವಿದೆ. 1797ರಲ್ಲಿ ಬ್ರಿಟಿಷರು ಅವರನ್ನು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹೊರಹಾಕಿ ಹೊಂಡುರಾಸಿನ ರೋಆತಾನ್ ದ್ವೀಪದಲ್ಲಿ ಇಳಿಸಿ ಹೋದರು. ಅವರ ಮನೆಗಳಲ್ಲಿ ಮೀನಿನ ಸಾರಿಗೆ ತೆಂಗಿನ ಹಾಲು, ಬ್ರೆಡ್ಡಿಗೂ ತೆಂಗಿನ ಹಾಲು. ಬಾಳೆಕಾಯಿ, ತೆಂಗಿನ ಹಾಲು, ಮೀನು ಎಂದರೆ ನಮ್ಮ ಹೆಂಗಸರಿಗೆ ಹೊಸದಾಗಿ ಏನನ್ನೂ ವಿವರಿಸಬೇಕಾಗಿಲ್ಲ.

ಹೊಸ ಊರಿನ ಹೋಟೆಲಿನಲ್ಲಿ ಒಂದು ವಿಷಯ ಮಾತ್ರ ಮೊದಲೇ ವಿಚಾರಿಸುವುದು ಒಳ್ಳೆಯದು. ಆ ಬೀನ್ಸನ್ನು ಕೆಲವರು ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ, ಕೆಲವರು ಎಣ್ಣೆಯಲ್ಲಿ. ಮಾಂಸ ತಿನ್ನದವರೂ ನಮ್ಮ ಮುಸ್ಲಿಂ ಬಂಧುಗಳೂ ಕೇಳಿ ತಿನ್ನಬೇಕು. ಕೇಳುವುದರಿಂದ ಅಡುಗೆಯವರಿಗೆ ಅವಮಾನವೇನೂ ಆಗುವುದಿಲ್ಲ. ಮೂಗು ಮುರಿದುಕೊಂಡು ಕೇಳಿದರೆ ಆಗುತ್ತದೆ. "ಇದರಲ್ಲಿ ಏನು ಹಾಕಿದ್ದೀರಿ?" ಎಂಬ ಒಂದೇ ಮಾತನ್ನು ಕುತೂಹಲದಿಂದಲೂ ಕೇಳಬಹುದು, ಅಸಹ್ಯದಿಂದಲೂ ಕೇಳಬಹುದು. ಭಾಷೆ ಬಾರದಿದ್ದರೂ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಹೊರಗಿನಿಂದ ಬಂದವರು ನಮ್ಮ ಪತ್ರೊಡೆಯನ್ನೋ ಒಣಮೀನಿನ ಚಟ್ನಿಯನ್ನೋ ತಟ್ಟೆಯ ಅಂಚಿಗೆ ದೂಡಿದಾಗ ಅಡುಗೆ ಮಾಡಿದ ತಾಯಿಗೆ ಹೇಗಾಗುತ್ತದೆ ಎಂಬುದು ನಮಗೆ ತಿಳಿದದ್ದೇ.

ಹೊಂಡುರಾಸ್ ನಮಗೆ ಅಂದುಕೊಂಡಷ್ಟು ದೂರದ ದೇಶವೂ ಅಲ್ಲ. ಭೂಪಟದಲ್ಲಿ ಪುತ್ತೂರಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದರೆ ಅದು ಆ ದೇಶದ ದಕ್ಷಿಣದ ಅಂಚಿಗೆ ಸಮೀಪವೇ ಹಾದುಹೋಗುತ್ತದೆ. ಅಂಥದ್ದೇ ಬಿಸಿಲು, ಅಂಥದ್ದೇ ಮಳೆ, ಬೆಟ್ಟದಲ್ಲಿ ಕಾಫಿ, ಬಯಲಲ್ಲಿ ಬಾಳೆ, ಕಡಲ ಕರೆಯಲ್ಲಿ ತೆಂಗು. ಅಲ್ಲಿನ ಉಲುವಾ ಕಣಿವೆಯಲ್ಲಿ ಅಗೆದಾಗ ಸಿಕ್ಕಿದ, 3000 ವರ್ಷಕ್ಕೂ ಹಳೆಯ ಮಣ್ಣಿನ ಪಾತ್ರೆಗಳಲ್ಲಿ ಕೋಕೋದ ಗುರುತು ಕಂಡುಬಂದಿದೆ. ಅದೇ ಕೋಕೋ ಇಂದು ನಮ್ಮ ಅಡಿಕೆ ತೋಟಗಳ ನೆರಳಲ್ಲಿ ಕಾಯಿ ಬಿಡುತ್ತಿದೆ. ಕೊಳ್ಳುವವರಿಲ್ಲದೆ ಕೋಕೋ ಬೆಳೆದವರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ ಅದನ್ನು ಕೊಳ್ಳಲು ಮುಂದಾಯಿತು, 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆಯನ್ನೂ ನಡೆಸತೊಡಗಿತು. ನಮ್ಮ ಸಾರಿಗೆ ಬೀಳುವ ಒಣಮೆಣಸು, ಪಾಯಸಕ್ಕೆ ಬೀಳುವ ಗೇರುಬೀಜ, ಪಪ್ಪಾಯಿ, ಅನಾನಸು, ಮರಗೆಣಸು, ರಬ್ಬರಿನ ಮರ, ಇವೆಲ್ಲದರ ಮೂಲ ಅಮೆರಿಕ ಖಂಡಗಳು. ಗೇರು ಸಂಶೋಧನೆಯ ರಾಷ್ಟ್ರಮಟ್ಟದ ಕೇಂದ್ರವೇ ಪುತ್ತೂರಿನಲ್ಲಿರುವಷ್ಟರ ಮಟ್ಟಿಗೆ ಆ ಪರದೇಶಿ ಮರ ನಮ್ಮದಾಗಿದೆ. ಗಿಡಗಳ ವಿಷಯದಲ್ಲಿ ನಾವು ಬಹಳ ಉದಾರಿಗಳು. ಬೇರು ಬಿಟ್ಟು ಫಲ ಕೊಟ್ಟ ಮೇಲೆ ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಮನುಷ್ಯರು ಊರು ಬಿಟ್ಟು ಬರುವುದಕ್ಕೆ ಹಿಂದೆ ಒಂದು ಕಷ್ಟ ಇದ್ದೇ ಇರುತ್ತದೆ. ಹೊಂಡುರಾಸಿನವರು ಅಮೆರಿಕದ ಊರುಗಳಿಗೆ ಹೋದದ್ದು ಮೊದಲು ಬಾಳೆಹಣ್ಣಿನ ಹಡಗುಗಳ ದಾರಿ ಹಿಡಿದು. ನ್ಯೂ ಓರ್ಲಿಯನ್ಸ್ ಬಂದರಿಗೂ ಆ ದೇಶಕ್ಕೂ ನೂರು ವರ್ಷಕ್ಕೆ ಮೀರಿದ ಬಾಳೆಗೊನೆಯ ಸಂಬಂಧ. ಬಳಿಕ 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಬಂತು. ಮಳೆ ದಿನಗಟ್ಟಲೆ ಬಿಡದೆ ಸುರಿಯಿತು, ಗುಡ್ಡಗಳು ಜಾರಿದವು, ರಾಜಧಾನಿ ತೆಗುಸಿಗಾಲ್ಪದ ನಡುವೆಯೇ ಹೊಳೆ ನುಗ್ಗಿತು, ಬಾಳೆ ತೋಟಗಳು ಕೆಸರಿನಡಿ ಹೂತುಹೋದವು. ಸತ್ತವರು ಸಾವಿರಾರು ಮಂದಿ. ಆಗಲೇ ಅಮೆರಿಕದಲ್ಲಿದ್ದ ಹೊಂಡುರಾಸಿನವರಿಗೆ ಅಲ್ಲಿನ ಸರಕಾರ 1999ರಲ್ಲಿ ತಾತ್ಕಾಲಿಕವಾಗಿ ಉಳಿದುಕೊಳ್ಳಲು ಅನುಮತಿ ಕೊಟ್ಟಿತು. ಹೀಗೆ ಪರವೂರಲ್ಲಿ ಉಳಿದವರಿಗೆ ಕೈಯಲ್ಲಿ ಬೇರೆ ಬಂಡವಾಳವಿಲ್ಲದಿದ್ದರೂ ಅಮ್ಮನಿಂದ ಕಲಿತ ಅಡುಗೆ ಇರುತ್ತದೆ. ಮೊದಲು ತಮ್ಮವರಿಗಾಗಿ ಮಾಡುತ್ತಾರೆ, ಆಮೇಲೆ ಪರಿಮಳ ಹಿಡಿದು ಬೇರೆಯವರೂ ಬರುತ್ತಾರೆ.

ಈ ಕಥೆ ನಮಗೆ ಹೊಸದಲ್ಲ. ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಉಪ್ಪಿನಂಗಡಿಯಲ್ಲಿ 1923ರ ನೆರೆಯ ಮಾತು ನೂರು ವರ್ಷ ಕಳೆದರೂ ಮರೆತಿಲ್ಲ. ಗದ್ದೆ ಹೋದವರು, ಸಾಲ ಹೊತ್ತವರು, ತಂದೆ ತೀರಿಕೊಂಡು ತಮ್ಮ ತಂಗಿಯರ ಹೊಣೆ ಬಿದ್ದ ಹುಡುಗರು, ಅಂದೂ ಆಮೇಲೂ ಘಟ್ಟ ಹತ್ತಿದರು, ಬೊಂಬಾಯಿಯ ದಾರಿ ಹಿಡಿದರು. ಇಂದು ಉಡುಪಿ ಹೋಟೆಲು ಎಂದು ದೇಶವೆಲ್ಲ ಹೇಳುವ ಹೆಸರಿನ ಹಿಂದೆ ಅಂಥ ಹುಡುಗರ ಬೆವರಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತೆಂಗಿನಕಾಯಿ ತುರಿದು, ಹಗಲಿಡೀ ಲೋಟ ತೊಳೆದು, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗಿದವರು ಅವರು. ಮುಂಬೈಯಲ್ಲಿ ಅವರಿಗಾಗಿಯೇ ಕನ್ನಡದ ರಾತ್ರಿ ಶಾಲೆಗಳು ನಡೆದವು. ದುಡಿದು ದಣಿದ ಹುಡುಗ ಕೈ ಒರೆಸಿಕೊಂಡು ಬಂದು ಬೆಂಚಿನಲ್ಲಿ ಕುಳಿತರೆ, ತಾವೂ ಹಗಲು ಎಲ್ಲೋ ಗುಮಾಸ್ತಿಕೆ ಮಾಡಿ ಬಂದ ಮೇಷ್ಟ್ರು ಅವನಿಗೆ ಅಕ್ಷರ, ಗಣಿತ, ಇಂಗ್ಲಿಷು ಕಲಿಸುತ್ತಿದ್ದರು. ಆ ಶಾಲೆಗಳಲ್ಲಿ ಓದಿ ಹತ್ತನೆಯ ತರಗತಿ ದಾಟಿದವರು, ಕಾಲೇಜು ಹತ್ತಿದವರು, ಸ್ವಂತ ಹೋಟೆಲು ಹಾಕಿ ಊರಿನ ದೇವಸ್ಥಾನ, ಶಾಲೆಗಳಿಗೆ ಕೈಯೆತ್ತಿ ಕೊಟ್ಟವರು ಬಹಳ ಮಂದಿ. ನಮ್ಮ ಜಿಲ್ಲೆಯವರು ಪರವೂರಲ್ಲಿ ಮಾಡಿದ ಪುಣ್ಯಕಾರ್ಯಗಳಲ್ಲಿ ಆ ರಾತ್ರಿ ಶಾಲೆಗಳನ್ನು ನಾನು ಬಹಳ ಎತ್ತರದಲ್ಲಿ ಇಡುತ್ತೇನೆ. ಹುಡುಗ ಲೋಟ ತೊಳೆಯುವವನು ಎಂಬಲ್ಲಿಗೆ ಅವುಗಳನ್ನು ನಡೆಸಿದವರ ನೋಟ ನಿಲ್ಲಲಿಲ್ಲ. ಇವನಿಗೂ ಒಬ್ಬಳು ತಾಯಿಯಿದ್ದಾಳೆ, ಇವನಿಗೂ ನಾಳೆ ಎಂಬುದೊಂದಿದೆ ಎಂದು ಅವರಿಗೆ ಕಂಡಿತು.

ಈಗ ಚಕ್ರ ಒಂದು ಸುತ್ತು ಬಂದಿದೆ. ಇಂದು ಪುತ್ತೂರಲ್ಲೋ ಸುಳ್ಯದಲ್ಲೋ ನಮಗೆ ಕುಚ್ಚಿಲಕ್ಕಿ ಅನ್ನ ಬಡಿಸುವವನು ಅಸ್ಸಾಮಿನವನಿರಬಹುದು, ಒಡಿಶಾದವನಿರಬಹುದು, ಜಾರ್ಖಂಡಿನವನೋ ನೇಪಾಳದವನೋ ಇರಬಹುದು. ಬಂದ ಹೊಸದರಲ್ಲಿ ಅವನಿಗೆ ಅಂಕಿ ಬರುವುದಿಲ್ಲ, ಸಾರು ಯಾವುದು ಸಾಂಬಾರು ಯಾವುದು ತಿಳಿಯುವುದಿಲ್ಲ. ಆದರೂ ಕೆಲವು ತಿಂಗಳಲ್ಲಿ ಕನ್ನಡವನ್ನೂ ತುಳುವನ್ನೂ ಬೆರೆಸಿ ಗಿರಾಕಿಗಳನ್ನು ಸುಧಾರಿಸಿಕೊಂಡು ಹೋಗುತ್ತಾನೆ. ನಾವು ಹೇಳಿದ್ದು ಅವನಿಗೆ ಅರ್ಥವಾಗದಿದ್ದಾಗ ನಮ್ಮಲ್ಲಿ ಕೆಲವರ ದನಿ ಏರುತ್ತದೆ. ಏರಿದ ದನಿಯಿಂದ ಭಾಷೆ ಬೇಗ ಬರುವುದಿಲ್ಲ. ಬೆರಳು ತೋರಿಸಿ, ಹೆಸರು ಹೇಳಿ, ನಿಧಾನವಾಗಿ ಇನ್ನೊಮ್ಮೆ ಹೇಳಿದರೆ ಬರುತ್ತದೆ. ಐವತ್ತು ವರ್ಷದ ಹಿಂದೆ ಮುಂಬೈಯ ದಾದರಿನ ಹೋಟೆಲಿನಲ್ಲಿ ನಮ್ಮ ದೊಡ್ಡಪ್ಪನಿಗೋ ಸೋದರಮಾವನಿಗೋ ಮರಾಠಿಯ ಅಂಕಿ ಹೀಗೆಯೇ ಯಾರೋ ಒಬ್ಬ ಗಿರಾಕಿ ಕಲಿಸಿರುತ್ತಾನೆ.

ಯಾರೂ ಯಾರನ್ನೂ ಕೇಳದೆ ಒಂದೇ ಮೇಜಿಗೆ ಕುಳಿತುಕೊಳ್ಳುವುದು ತಾನಾಗಿ ಬಂದ ರೂಢಿಯಲ್ಲ ಎಂಬುದನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಹಳೆಯ ಹೋಟೆಲುಗಳಲ್ಲಿ ಜಾತಿಗೊಂದು ಕೋಣೆ, ಕೆಲವರಿಗೆ ಒಳಗೆ ಮಣೆ, ಕೆಲವರಿಗೆ ಹೊರಗೆ ಜಗಲಿ, ಇನ್ನು ಕೆಲವರಿಗೆ ಬಾಗಿಲ ಹೊರಗೆ ಬೇರೆ ಲೋಟ ಇರುತ್ತಿತ್ತು. ಪುತ್ತೂರನ್ನು ತಮ್ಮ ಊರು ಮಾಡಿಕೊಂಡ ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಪ್ರಕಟಿಸಿದ್ದು 1933ರಲ್ಲಿ, ಇದೇ ನೆಲದ ಆ ಕಾಲದ ಕಠೋರತೆಯನ್ನು ಕಣ್ಣಲ್ಲಿ ಕಂಡು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿಗಳ ಜೊತೆಗೆ ಹೋಟೆಲುಗಳ ಹೆಸರನ್ನೂ ಎತ್ತಿ ಹೇಳಿತು. ಧರ್ಮ, ಜಾತಿ, ಹುಟ್ಟಿದ ಊರು ಎಂಬ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನ ಪಾತ್ರೆಗಳನ್ನು ಅಸ್ಪೃಶ್ಯತೆಯ ಹೆಸರಿನಲ್ಲಿ ಒಬ್ಬರಿಗೆ ನಿರಾಕರಿಸುವುದೂ ಅಪರಾಧವೆಂದು ಬರೆಯಿತು. ಒಂದು ಲೋಟಕ್ಕಾಗಿ ಕಾನೂನು ಮಾಡಬೇಕಾಯಿತು! ಆದ್ದರಿಂದ ಎದುರಿಗೆ ಕುಳಿತ ಅಪರಿಚಿತನ ಕಡೆಗೆ ನಾವು ಉಪ್ಪಿನಕಾಯಿಯ ಭರಣಿಯನ್ನು ದೂಡುವುದು ಸಣ್ಣ ಸಂಗತಿಯೇನೂ ಅಲ್ಲ. ಅಷ್ಟು ದೂರ ಬಂದದ್ದು ಬಹಳ ಜನರ ನೋವಿನಿಂದ. ಬಡಿಸುವವನನ್ನೂ ಅದೇ ಮೇಜಿಗೆ ಸೇರಿದವನೆಂದು ಕಾಣುವ ಕೆಲಸ ಇನ್ನೂ ಉಳಿದಿದೆ.

ಗೃಹಸ್ಥರಾದ ನಾವು ಮಾಡಬಹುದಾದದ್ದು ದೊಡ್ಡದೇನಲ್ಲ, ಎಲ್ಲವೂ ಕೈಗೆಟುಕುವಂಥದ್ದೇ. ಅನ್ನ ಎಷ್ಟು ಬೇಕೋ ಅಷ್ಟನ್ನೇ ಹಾಕಿಸಿಕೊಳ್ಳೋಣ. ಎಲೆಯಲ್ಲಿ ಉಳಿಸಿದ ಅನ್ನವನ್ನು ಬಾಚಿ ಹಾಕುವವನಿಗೆ ಒಂದು ಹಿಡಿ ಅಕ್ಕಿಯ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಊಟ ಮುಗಿದ ಮೇಲೆ ಹಿಂದೆ ನಿಂತವರಿದ್ದರೆ ಎದ್ದು ಜಾಗ ಬಿಡೋಣ, ಅಡಿಕೆ ಧಾರಣೆಯ ಮಾತನ್ನು ಹೊರಗೆ ನಿಂತೂ ಆಡಬಹುದು. "ಏ ಮಾಣಿ" ಎಂದು ಕೂಗುವ ಕಾಲ ಮುಗಿಯಲಿ. ನಮಗಿಂತ ಚಿಕ್ಕವನಾದರೆ "ತಮ್ಮಾ", ದೊಡ್ಡವನಾದರೆ "ಅಣ್ಣಾ" ಎಂದರೆ ನಮ್ಮ ನಾಲಗೆಯೇನೂ ಸವೆಯುವುದಿಲ್ಲ. ಅವನ ಹೆಸರನ್ನು ಒಮ್ಮೆ ಕೇಳಿ ತಿಳಿದುಕೊಂಡರೆ ಇನ್ನೂ ಒಳ್ಳೆಯದು, ಮುಂದಿನ ಸಲ ಹೋದಾಗ ಆ ಹೆಸರನ್ನೇ ಕರೆಯಬಹುದು. ತೀರ ಎಳೆಯ ಮಗುವೊಂದು ಮೇಜು ಒರೆಸುತ್ತಿರುವುದು ಕಂಡರೆ ಸುಮ್ಮನೆ ಉಂಡು ಏಳಬಾರದು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಚಾದಂಗಡಿಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. ಮಾಲೀಕರಿಗೆ ಮೆಲ್ಲನೆ ಹೇಳಿ ನೋಡಬೇಕು, ಕೇಳದಿದ್ದರೆ 1098ಕ್ಕೆ ಫೋನು ಮಾಡಬೇಕು. ಆ ಮಗು ಇರಬೇಕಾದ ಜಾಗ ಶಾಲೆ.

ನಮ್ಮ ಕಡೆ ದಾರಿಯಲ್ಲಿ ಯಾರು ಸಿಕ್ಕಿದರೂ ಮೊದಲು ಕೇಳುವುದು ಊಟ ಆಯಿತೇ ಎಂದು. ತುಳುವರು ಹಾಗೆ ಕೇಳುತ್ತಾರೆ, ಹವ್ಯಕರು ಹಾಗೆ ಕೇಳುತ್ತಾರೆ, ಅರೆಭಾಷೆಯ ಗೌಡರೂ ಬ್ಯಾರಿಗಳೂ ತಮ್ಮ ತಮ್ಮ ಮಾತಿನಲ್ಲಿ ಹಾಗೆಯೇ ಕೇಳುತ್ತಾರೆ. ನಮ್ಮ ಊಟ ಅವನ ಕೈಯಿಂದಲೇ ಆದರೂ ಹೋಟೆಲಿನಲ್ಲಿ ಬಡಿಸುವವನನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಅವನು ಉಣ್ಣುವುದು ಮೂರು ಗಂಟೆ ದಾಟಿದ ಮೇಲೆ, ಗಿರಾಕಿಗಳೆಲ್ಲ ಹೋಗಿ ಪಾತ್ರೆಯ ತಳ ಕಾಣುವಾಗ. ಮಧ್ಯಾಹ್ನ ತಡವಾಗಿ ಹೋದಾಗ ಅವನು ತಟ್ಟೆ ಹಿಡಿದು ಮೂಲೆಯಲ್ಲಿ ಕುಳಿತದ್ದು ಕಂಡರೆ, "ಉಂಡು ಮುಗಿಸು, ನನಗೆ ಅವಸರವಿಲ್ಲ" ಎಂದು ಹೇಳಿ ಹತ್ತು ನಿಮಿಷ ಕಾಯುವುದು ನಮಗೆ ಕಷ್ಟವಾಗಲಾರದು. ಉಣ್ಣುತ್ತಿರುವವರನ್ನು ಎಬ್ಬಿಸಬಾರದು ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವಲ್ಲ.

ಹೋಟೆಲು ನಡೆಸುವವರಲ್ಲೂ ಒಂದು ಕೋರಿಕೆ. ಅವರ ಕಷ್ಟ ಗೊತ್ತಿಲ್ಲದೆ ಹೇಳುತ್ತಿರುವುದಲ್ಲ. ಗ್ಯಾಸಿನ ಬೆಲೆ, ತೆಂಗಿನಕಾಯಿಯ ಬೆಲೆ, ಕೆಲಸಕ್ಕೆ ಜನ ಸಿಗದ ತೊಂದರೆ, ಇವುಗಳ ನಡುವೆ ಊಟದ ದರ ಏರಿಸದೆ ತಡೆದುಕೊಳ್ಳುವ ಸಣ್ಣ ಹೋಟೆಲಿನವರು ನಿಜಕ್ಕೂ ಊರಿಗೆ ಉಪಕಾರ ಮಾಡುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ತಾವೂ ಒಂದು ಕಾಲಕ್ಕೆ ಪರವೂರಲ್ಲಿ ಲೋಟ ತೊಳೆದವರು. ಏಪ್ರಿಲ್ ತಿಂಗಳಲ್ಲಿ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ ಬರುತ್ತದೆ, 17ಕ್ಕೆ ಬ್ರಹ್ಮರಥೋತ್ಸವ. ಅಂದು ದೇವರಮಾರು ಗದ್ದೆ ತುಂಬ ಜನ, ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಡುಮದ್ದಿನ ಸದ್ದು ಅಡುಗೆಮನೆಯ ಗೋಡೆಯಾಚೆಗೆ ಕೇಳುತ್ತಿರುತ್ತದೆ, ಒಳಗೆ ಕೆಲಸದ ಹುಡುಗರು ದೋಸೆ ಹೊಯ್ಯುತ್ತಲೇ ಇರುತ್ತಾರೆ. ಅಂದು ಸಂಜೆ ಇಬ್ಬಿಬ್ಬರಂತೆ ಸರದಿಯಲ್ಲಿ ಒಂದು ಗಂಟೆ ಅವರನ್ನು ಹೊರಗೆ ಬಿಡಬಹುದು. ನಮ್ಮ ತಿಂಡಿ ಕಾಲು ಗಂಟೆ ತಡವಾಗಿ ಬಂದರೆ ನಾವು ಗೊಣಗದೆ ಕಾಯುತ್ತೇವೆ. ಜೊತೆಗೆ ಯಾರಾದರೂ ಊರಿನವರು ಅವರನ್ನು ಕರೆದುಕೊಂಡು ಹೋಗಿ, ತೇರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ತೋರಿಸಿಕೊಟ್ಟರೆ, ಆ ರಾತ್ರಿ ಅಸ್ಸಾಮಿಗೋ ಒಡಿಶಾಕ್ಕೋ ಮಾಡುವ ಫೋನಿನಲ್ಲಿ ಅಮ್ಮನಿಗೆ ಹೇಳಲು ಅವರಿಗೂ ಒಂದು ಸಂಗತಿ ಇರುತ್ತದೆ.